ಮುದ್ರಿತ ಸರ್ಕ್ಯೂಟ್ ಬೋರ್ಡಿನ ಉಷ್ಣ ಅಂದಾಜು

ಮುದ್ರಿತ ಸರ್ಕ್ಯೂಟ್ ಬೋರ್ಡಿನ ಉಷ್ಣ ಅಂದಾಜು ಎಂದರೆ ವಿದ್ಯುನ್ಮಾನ ಉಪಕರಣದ ಪಿಸಿಬಿ ಫಲಕವು ಕೆಲಸ ಮಾಡುವಾಗ ಅದರಲ್ಲಿ ಎಷ್ಟು ಉಷ್ಣ ಉತ್ಪತ್ತಿಯಾಗುತ್ತದೆ, ಆ ಉಷ್ಣದಿಂದ ಫಲಕ, ತಾಮ್ರದ ಪಥಗಳು ಮತ್ತು ಬಿಡಿಭಾಗಗಳ ತಾಪಮಾನ ಎಷ್ಟರ ಮಟ್ಟಿಗೆ ಏರುತ್ತದೆ ಎಂಬುದನ್ನು ಫಲಕವನ್ನು ತಯಾರಿಸುವ ಮೊದಲೇ ಲೆಕ್ಕ ಹಾಕುವ ಕ್ರಮ. ಸರಳ ಗುಣಾಕಾರದಿಂದ ಆರಂಭಿಸಿ ಗಣಕಯಂತ್ರದ ಅನುಕರಣೆಯವರೆಗೆ ಇದರಲ್ಲಿ ಹಲವು ಹಂತಗಳಿವೆ. ಎಲ್ಲ ಹಂತಗಳಿಗೂ ಆಧಾರವಾದ ತತ್ತ್ವ ಒಂದೇ: ಸ್ಥಿರ ಸ್ಥಿತಿಯಲ್ಲಿ ಫಲಕದಲ್ಲಿ ಹುಟ್ಟುವ ಉಷ್ಣವೂ ಅದರಿಂದ ಹೊರಹೋಗುವ ಉಷ್ಣವೂ ಸಮವಾಗಿರುತ್ತವೆ. ಈ ಸಮತೋಲನ ಯಾವ ತಾಪಮಾನದಲ್ಲಿ ಏರ್ಪಡುತ್ತದೆ ಎಂಬುದನ್ನು ಕಂಡುಹಿಡಿಯುವುದೇ ಅಂದಾಜಿನ ಉದ್ದೇಶ.

ಬಿಡಿಭಾಗವೊಂದು ಎಷ್ಟು ಬಿಸಿಯಾಗುತ್ತದೆ ಎಂಬುದು ಆ ಬಿಡಿಭಾಗದ ಗುಣ ಮಾತ್ರವಲ್ಲ. ಅದನ್ನು ಬೆಸುಗೆ ಹಾಕಿರುವ ಫಲಕ, ಫಲಕದಲ್ಲಿರುವ ತಾಮ್ರ, ಅಕ್ಕಪಕ್ಕದ ಬಿಡಿಭಾಗಗಳು ಮತ್ತು ಸುತ್ತಲಿನ ಗಾಳಿ ಇವೆಲ್ಲವೂ ಸೇರಿ ಅದರ ತಾಪಮಾನವನ್ನು ನಿರ್ಧರಿಸುತ್ತವೆ. ಅಂದಾಜಿನಲ್ಲಿ ಆಗುವ ಹೆಚ್ಚಿನ ತಪ್ಪುಗಳು ಈ ಅಂಶವನ್ನು ಮರೆಯುವುದರಿಂದ ಉಂಟಾಗುತ್ತವೆ.

ಅಂದಾಜಿನ ಅಗತ್ಯ

ಅರೆವಾಹಕ ಚಿಪ್‌ಗಳ ಒಳಗಿನ ಸಂಧಿಯ ತಾಪಮಾನಕ್ಕೆ ತಯಾರಕರು ಗರಿಷ್ಠ ಮಿತಿಯನ್ನು ನಿಗದಿಪಡಿಸಿರುತ್ತಾರೆ. ಸಿಲಿಕಾನ್ ಚಿಪ್‌ಗಳಲ್ಲಿ ಇದು ಸಾಮಾನ್ಯವಾಗಿ 125 °ಸೆ ಅಥವಾ 150 °ಸೆ ಇರುತ್ತದೆ. ಫಲಕದ ಆಧಾರ ವಸ್ತುವಿಗೂ ಮಿತಿ ಇದೆ. ಗಾಜಿನ ನಾರು ಮತ್ತು ಎಪಾಕ್ಸಿ ರಾಳದಿಂದ ಮಾಡಿದ ಎಫ್‌ಆರ್-4 ಫಲಕವು, ದರ್ಜೆಯನ್ನು ಅವಲಂಬಿಸಿ, ಸುಮಾರು 130 °ಸೆಯಿಂದ 180 °ಸೆವರೆಗಿನ ಒಂದು ತಾಪಮಾನದಲ್ಲಿ ಗಡಸುತನವನ್ನು ಕಳೆದುಕೊಂಡು ಮೆದುವಾಗತೊಡಗುತ್ತದೆ. ಆ ಹಂತವನ್ನು ದಾಟಿದರೆ ಅದರ ದಪ್ಪ ವೇಗವಾಗಿ ಹಿಗ್ಗಿ, ಪದರಗಳನ್ನು ಜೋಡಿಸುವ ತಾಮ್ರದ ಕೊಳವೆಗಳು ಬಿರುಕು ಬಿಡಬಹುದು.

ಈ ಮಿತಿಗಳೊಳಗೆ ಇದ್ದರೂ ಬಿಸಿಯು ಉಪಕರಣದ ಆಯುಷ್ಯವನ್ನು ಕುಗ್ಗಿಸುತ್ತದೆ. ಇದಕ್ಕೆ ಸ್ಪಷ್ಟ ಉದಾಹರಣೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ತಾಪಮಾನ ಪ್ರತಿ 10 °ಸೆ ಏರಿದಂತೆ ಅದರ ಬಾಳಿಕೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ವಿನ್ಯಾಸಕಾರರು ಬಳಸುವ ಸ್ಥೂಲ ನಿಯಮ. 105 °ಸೆಯಲ್ಲಿ 2000 ಗಂಟೆ ಬಾಳುವ ಕೆಪಾಸಿಟರ್, ಈ ನಿಯಮದ ಪ್ರಕಾರ, 75 °ಸೆಯಲ್ಲಿ 16,000 ಗಂಟೆ ಮತ್ತು 65 °ಸೆಯಲ್ಲಿ 32,000 ಗಂಟೆ ಬಾಳುತ್ತದೆ. ಹಗಲಿರುಳು ನಡೆಯುವ ಉಪಕರಣದಲ್ಲಿ ಮೊದಲನೆಯದು ಎರಡು ವರ್ಷಕ್ಕೂ ಕಡಿಮೆ. ಎರಡನೆಯದು ಮೂರೂವರೆ ವರ್ಷಕ್ಕೂ ಹೆಚ್ಚು. ಕೆಪಾಸಿಟರನ್ನು ಬಿಸಿ ಬಿಡಿಭಾಗದ ಪಕ್ಕದಲ್ಲಿ ಇಡಬೇಕೇ, ದೂರ ಇಡಬೇಕೇ ಎಂಬ ಒಂದೇ ನಿರ್ಧಾರದಿಂದ ಈ ವ್ಯತ್ಯಾಸ ಉಂಟಾಗಬಹುದು. ಫಲಕ ತಯಾರಾದ ಮೇಲೆ ಬಿಡಿಭಾಗದ ಸ್ಥಾನವನ್ನು ಬದಲಿಸುವುದು ದುಬಾರಿ. ಆದ್ದರಿಂದಲೇ ಅಂದಾಜನ್ನು ವಿನ್ಯಾಸದ ಆರಂಭದಲ್ಲಿ ಮಾಡಲಾಗುತ್ತದೆ.

ಉಷ್ಣದ ಮೂಲಗಳು

ವಾಹಕದಲ್ಲಿ ವಿದ್ಯುತ್ ಹರಿಯುವಾಗ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೂ ವಾಹಕದ ರೋಧಕ್ಕೂ ಅನುಪಾತದಲ್ಲಿರುತ್ತದೆ ಎಂಬುದನ್ನು ಜೇಮ್ಸ್ ಪ್ರೆಸ್ಕಾಟ್ ಜೌಲ್ 1840ರ ದಶಕದ ಆರಂಭದಲ್ಲಿ ತೋರಿಸಿದರು. ಫಲಕದ ಮೇಲಿನ ಉಷ್ಣದ ಮುಖ್ಯ ಮೂಲಗಳು ಇವು:

ರೇಖೀಯ ವೋಲ್ಟೇಜ್ ನಿಯಂತ್ರಕಗಳು: ಇವು ಹೆಚ್ಚಿನ ವೋಲ್ಟೇಜನ್ನು ಉಷ್ಣವಾಗಿ ಹೊರಹಾಕುತ್ತವೆ. ಉಷ್ಣ ವ್ಯಯ = (ಒಳಬರುವ ವೋಲ್ಟೇಜ್ − ಹೊರಹೋಗುವ ವೋಲ್ಟೇಜ್) × ಪ್ರವಾಹ.

ಸ್ವಿಚಿಂಗ್ ನಿಯಂತ್ರಕಗಳು: ಇವುಗಳ ಉಷ್ಣ ವ್ಯಯವನ್ನು ದಕ್ಷತೆಯಿಂದ ಲೆಕ್ಕ ಹಾಕಲಾಗುತ್ತದೆ. ಉಷ್ಣ ವ್ಯಯ = (ಹೊರಹೋಗುವ ಸಾಮರ್ಥ್ಯ ÷ ದಕ್ಷತೆ) − ಹೊರಹೋಗುವ ಸಾಮರ್ಥ್ಯ.

ಮಾಸ್‌ಫೆಟ್‌ಗಳು: ಚಾಲೂ ಸ್ಥಿತಿಯ ರೋಧದಿಂದ ಒಂದು ಪಾಲು, ಸ್ಥಿತಿ ಬದಲಾಗುವ ಕ್ಷಣಗಳಲ್ಲಿ ಇನ್ನೊಂದು ಪಾಲು ಉಷ್ಣ ಉಂಟಾಗುತ್ತದೆ. 20 ಮಿಲಿಓಮ್ ರೋಧವಿರುವ ಮಾಸ್‌ಫೆಟ್ ಮೂಲಕ 5 ಆಂಪಿಯರ್ ಹರಿದರೆ ಮೊದಲ ಪಾಲು 0.5 ವ್ಯಾಟ್. ಬಿಸಿಯಾದಂತೆ ಈ ರೋಧ ಏರುತ್ತದೆ. ಆದ್ದರಿಂದ 25 °ಸೆಯ ಮೌಲ್ಯವನ್ನು ಮಾತ್ರ ನಂಬಬಾರದು.

ರೋಧಕಗಳು, ಡಯೋಡ್‌ಗಳು, ಎಲ್‌ಇಡಿಗಳು, ಪ್ರೊಸೆಸರ್‌ಗಳು ಮತ್ತು ಹೆಚ್ಚು ಪ್ರವಾಹ ಹರಿಯುವ ತಾಮ್ರದ ಪಥಗಳು ಉಳಿದ ಮೂಲಗಳು.

ಬಿಡಿಭಾಗಗಳ ವ್ಯಯವನ್ನು ಒಂದೊಂದಾಗಿ ಕೂಡಿಸುವಾಗ ಕೆಲವು ತಪ್ಪಿಹೋಗಬಹುದು. ಅದನ್ನು ಪರೀಕ್ಷಿಸಲು ಸುಲಭವಾದ ಉಪಾಯವಿದೆ. ಫಲಕದಿಂದ ಮೋಟಾರು, ಬೆಳಕು, ರೇಡಿಯೋ ತರಂಗ ಮುಂತಾದ ರೂಪದಲ್ಲಿ ಶಕ್ತಿ ಹೊರಹೋಗದಿದ್ದರೆ, ಅದು ಸೆಳೆದುಕೊಳ್ಳುವ ಎಲ್ಲ ವಿದ್ಯುತ್ತೂ ಕೊನೆಗೆ ಉಷ್ಣವಾಗಲೇಬೇಕು. 12 ವೋಲ್ಟ್ ಮೂಲದಿಂದ 0.3 ಆಂಪಿಯರ್ ಸೆಳೆಯುವ ಫಲಕದ ಒಟ್ಟು ಉಷ್ಣ 12 × 0.3 = 3.6 ವ್ಯಾಟ್. ಬಿಡಿಭಾಗಗಳ ಮೊತ್ತ ಇದಕ್ಕೆ ಹೊಂದದಿದ್ದರೆ ಯಾವುದೋ ಒಂದು ಲೆಕ್ಕದಿಂದ ಬಿಟ್ಟುಹೋಗಿದೆ ಎಂದರ್ಥ. ಈ ಲೇಖನದ ಮುಂದಿನ ಭಾಗಗಳಲ್ಲಿ ಇದೇ ಫಲಕವನ್ನು ಉದಾಹರಣೆಯಾಗಿ ಬಳಸಲಾಗಿದೆ.

ಉಷ್ಣ ಹೊರಹೋಗುವ ಬಗೆ

ಫಲಕದಿಂದ ಉಷ್ಣವು ಮೂರು ವಿಧಗಳಲ್ಲಿ ಸಾಗುತ್ತದೆ.

ಉಷ್ಣವಹನವು ಘನ ವಸ್ತುವಿನೊಳಗೆ ನಡೆಯುತ್ತದೆ. ಇದರ ಗಣಿತವನ್ನು ಫ್ರಾನ್ಸಿನ ಜೋಸೆಫ್ ಫೂರಿಯರ್ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದರು. ಪಿಸಿಬಿಗೆ ಸಂಬಂಧಿಸಿದ ವಸ್ತುಗಳ ಉಷ್ಣವಾಹಕತೆಯ ಸ್ಥೂಲ ಮೌಲ್ಯಗಳು, ಪ್ರತಿ ಮೀಟರ್‌ಗೆ ಪ್ರತಿ ಕೆಲ್ವಿನ್‌ಗೆ ವ್ಯಾಟ್‌ಗಳಲ್ಲಿ, ಹೀಗಿವೆ:

ತಾಮ್ರ: 390
ಅಲ್ಯೂಮಿನಿಯಂ: 200
ಬೆಸುಗೆ ಲೋಹ: 50
ಎಫ್‌ಆರ್-4, ದಪ್ಪದ ದಿಕ್ಕಿನಲ್ಲಿ: 0.3
ನಿಶ್ಚಲ ಗಾಳಿ: 0.026

ತಾಮ್ರವು ಎಫ್‌ಆರ್-4ಗಿಂತ ಸಾವಿರ ಪಟ್ಟಿಗೂ ಹೆಚ್ಚು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ. ಹಾಗಾಗಿ ಕೂದಲೆಳೆಗಿಂತ ತೆಳುವಾದ ತಾಮ್ರದ ಹಾಳೆಯೂ ಫಲಕದಲ್ಲಿ ಉಷ್ಣ ಹರಡುವ ಮುಖ್ಯ ದಾರಿಯಾಗುತ್ತದೆ.

ಉಷ್ಣಸಂವಹನವು ಫಲಕದ ಮೇಲ್ಮೈಯಿಂದ ಗಾಳಿಗೆ ಉಷ್ಣವನ್ನು ಸಾಗಿಸುತ್ತದೆ. ಫ್ಯಾನ್ ಇಲ್ಲದೆ, ಬಿಸಿಗಾಳಿ ತಾನಾಗಿಯೇ ಮೇಲೇರುವ ಸ್ಥಿತಿಯಲ್ಲಿ ಇದರ ಗುಣಾಂಕ ಪ್ರತಿ ಚದರ ಮೀಟರ್‌ಗೆ ಪ್ರತಿ ಡಿಗ್ರಿಗೆ ಸುಮಾರು 5 ವ್ಯಾಟ್.

ಉಷ್ಣವಿಕಿರಣಕ್ಕೆ ಮಾಧ್ಯಮ ಬೇಕಿಲ್ಲ. ಹಸಿರು ಬೆಸುಗೆ-ತಡೆ ಲೇಪನವಿರುವ ಫಲಕದ ಉತ್ಸರ್ಜನಾಂಕ ಸುಮಾರು 0.9 ಇರುವುದರಿಂದ ಅದು ಒಳ್ಳೆಯ ವಿಕಿರಣ ಮೇಲ್ಮೈ. ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮದಂತೆ ಲೆಕ್ಕ ಹಾಕಿದರೆ ಕೋಣೆಯ ತಾಪಮಾನದ ಆಸುಪಾಸಿನಲ್ಲಿ ವಿಕಿರಣದ ಪಾಲೂ 5ರಿಂದ 7 ವ್ಯಾಟ್ ಆಗುತ್ತದೆ. ಅಂದರೆ ಫ್ಯಾನ್ ಇಲ್ಲದ ಫಲಕದಲ್ಲಿ ಸಂವಹನ ಮತ್ತು ವಿಕಿರಣಗಳ ಪಾಲು ಹೆಚ್ಚುಕಡಿಮೆ ಸಮ. ಎರಡನ್ನೂ ಸೇರಿಸಿ ಗುಣಾಂಕವನ್ನು 10 ಎಂದು ಹಿಡಿಯುವುದು ಮೊದಲ ಅಂದಾಜಿಗೆ ಸಾಕಾಗುತ್ತದೆ. ಹೊಳೆಯುವ ಬರಿಯ ತಾಮ್ರದ ಉತ್ಸರ್ಜನಾಂಕ ತೀರಾ ಕಡಿಮೆಯಾದುದರಿಂದ ಅಂಥ ಮೇಲ್ಮೈಗೆ ಈ ಮೌಲ್ಯ ಅನ್ವಯಿಸದು.

ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲದ ಕಾರಣ ಸಂವಹನ ನಡೆಯುವುದಿಲ್ಲ. ಉಪಗ್ರಹಗಳ ಫಲಕಗಳ ಉಷ್ಣವನ್ನು ವಹನದ ಮೂಲಕ ಲೋಹದ ಚೌಕಟ್ಟಿಗೆ ಸಾಗಿಸಿ, ಅಲ್ಲಿಂದ ವಿಕಿರಣದ ಮೂಲಕ ಹೊರಹಾಕಬೇಕಾಗುತ್ತದೆ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾಗುವ ಉಪಗ್ರಹಗಳನ್ನು ಉಡಾವಣೆಗೆ ಮೊದಲು ಉಷ್ಣ-ನಿರ್ವಾತ ಕೋಠಿಯಲ್ಲಿಟ್ಟು ಪರೀಕ್ಷಿಸುವುದಕ್ಕೆ ಇದೂ ಒಂದು ಕಾರಣ.

ಉಷ್ಣರೋಧ ಎಂಬ ಪರಿಕಲ್ಪನೆ

ಅಂದಾಜಿನ ಲೆಕ್ಕವನ್ನು ಸುಲಭಗೊಳಿಸುವುದು ಉಷ್ಣರೋಧ ಎಂಬ ಪರಿಕಲ್ಪನೆ. ವಿದ್ಯುತ್ತಿಗೆ ಓಮ್‌ನ ನಿಯಮ ಹೇಗೋ ಉಷ್ಣಕ್ಕೆ ಇದು ಹಾಗೆ. ವಿಭವಾಂತರದ ಜಾಗದಲ್ಲಿ ತಾಪಮಾನದ ವ್ಯತ್ಯಾಸ, ವಿದ್ಯುತ್ ಪ್ರವಾಹದ ಜಾಗದಲ್ಲಿ ವ್ಯಾಟ್‌ಗಳಲ್ಲಿ ಅಳೆದ ಉಷ್ಣದ ಹರಿವು, ವಿದ್ಯುತ್ ರೋಧದ ಜಾಗದಲ್ಲಿ ಉಷ್ಣರೋಧ ಬರುತ್ತವೆ.

ತಾಪಮಾನದ ಏರಿಕೆ = ಉಷ್ಣ ವ್ಯಯ × ಉಷ್ಣರೋಧ

ಉಷ್ಣರೋಧದ ಏಕಮಾನ ಪ್ರತಿ ವ್ಯಾಟ್‌ಗೆ ಡಿಗ್ರಿ ಸೆಲ್ಸಿಯಸ್. ಒಂದೇ ದಿಕ್ಕಿನಲ್ಲಿ ಉಷ್ಣ ಸಾಗುವ ಘನವಸ್ತುವಿನಲ್ಲಿ ಉಷ್ಣರೋಧ = ಉದ್ದ ÷ (ಉಷ್ಣವಾಹಕತೆ × ಅಡ್ಡಕೊಯ್ತದ ವಿಸ್ತೀರ್ಣ). ಮೇಲ್ಮೈಯಿಂದ ಗಾಳಿಗೆ ಸಾಗುವಾಗ ಉಷ್ಣರೋಧ = 1 ÷ (ಗುಣಾಂಕ × ಮೇಲ್ಮೈ ವಿಸ್ತೀರ್ಣ). ಸರಣಿಯಲ್ಲಿರುವ ಉಷ್ಣರೋಧಗಳನ್ನು ಕೂಡಿಸಬಹುದು. ಸಮಾಂತರದಲ್ಲಿರುವವನ್ನು ವಿದ್ಯುತ್ ರೋಧಗಳಂತೆಯೇ ಸಂಯೋಜಿಸಬಹುದು.

ಮೊದಲ ಹಂತ: ಫಲಕದ ಸರಾಸರಿ ತಾಪಮಾನ

ಉದಾಹರಣೆಯ ಫಲಕದ ಅಳತೆ 100 ಮಿ.ಮೀ. × 80 ಮಿ.ಮೀ. ಎಂದುಕೊಳ್ಳೋಣ. ಎರಡೂ ಬದಿಗಳಿಂದ ಉಷ್ಣ ಹೊರಹೋಗುವಂತಿದ್ದರೆ ಒಟ್ಟು ಮೇಲ್ಮೈ 0.016 ಚದರ ಮೀಟರ್. ಗುಣಾಂಕ 10 ಎಂದು ಹಿಡಿದರೆ ಉಷ್ಣರೋಧ 1 ÷ (10 × 0.016) = 6.25 °ಸೆ ಪ್ರತಿ ವ್ಯಾಟ್‌ಗೆ. ಒಟ್ಟು ಉಷ್ಣ 3.6 ವ್ಯಾಟ್ ಆದುದರಿಂದ ಸರಾಸರಿ ಏರಿಕೆ 22.5 °ಸೆ. ಸುತ್ತಲಿನ ಗಾಳಿ 35 °ಸೆ ಇದ್ದರೆ ಫಲಕದ ಸರಾಸರಿ ತಾಪಮಾನ ಸುಮಾರು 57 °ಸೆ.

ಈ ಲೆಕ್ಕವು ಉಷ್ಣವು ಫಲಕದಾದ್ಯಂತ ಸಮನಾಗಿ ಹರಡಿದೆ ಎಂದು ಭಾವಿಸುತ್ತದೆ. ವಾಸ್ತವದಲ್ಲಿ ಬಿಸಿ ಬಿಡಿಭಾಗದ ಬಳಿ ತಾಪ ಇದಕ್ಕಿಂತ ಹೆಚ್ಚು, ಅಂಚುಗಳಲ್ಲಿ ಕಡಿಮೆ. ಆದರೂ ಈ ಸಂಖ್ಯೆ ಉಪಯುಕ್ತ. ಸರಾಸರಿಯೇ ಅಪಾಯದ ಮಟ್ಟದಲ್ಲಿದ್ದರೆ ಬಿಡಿಭಾಗಗಳನ್ನು ಎಲ್ಲಿಗೆ ಸರಿಸಿದರೂ ಪ್ರಯೋಜನವಿಲ್ಲ; ಫಲಕವನ್ನು ದೊಡ್ಡದು ಮಾಡಬೇಕು, ಗಾಳಿ ಬೀಸಬೇಕು ಅಥವಾ ಉಷ್ಣದ ಉತ್ಪಾದನೆಯನ್ನೇ ತಗ್ಗಿಸಬೇಕು. ಇದೇ ಗುಣಾಂಕದಿಂದ ಒಂದು ಸ್ಥೂಲ ಸೂತ್ರವೂ ದೊರೆಯುತ್ತದೆ: ಏರಿಕೆ 40 °ಸೆ ಮೀರದಿರಲು ಪ್ರತಿ ವ್ಯಾಟ್‌ಗೆ ಕನಿಷ್ಠ 25 ಚದರ ಸೆಂ.ಮೀ. ಮೇಲ್ಮೈ ಬೇಕು.

ಎರಡನೆಯ ಹಂತ: ಬಿಡಿಭಾಗದ ಸಂಧಿಯ ತಾಪಮಾನ

ಬಿಡಿಭಾಗದ ಡೇಟಾಶೀಟ್‌ನಲ್ಲಿ ಸಂಧಿಯಿಂದ ಗಾಳಿಯವರೆಗಿನ ಉಷ್ಣರೋಧವನ್ನು ಕೊಟ್ಟಿರುತ್ತಾರೆ. ಇದನ್ನು ಥೀಟಾ-ಜೆಎ ಎಂದು ಕರೆಯುತ್ತಾರೆ.

ಸಂಧಿಯ ತಾಪಮಾನ = ಗಾಳಿಯ ತಾಪಮಾನ + (ಉಷ್ಣ ವ್ಯಯ × ಥೀಟಾ-ಜೆಎ)

ಉದಾಹರಣೆಯ ಫಲಕದಲ್ಲಿ 12 ವೋಲ್ಟನ್ನು 5 ವೋಲ್ಟ್‌ಗೆ ಇಳಿಸಲು, ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಪರಿಚಿತವಾದ 7805 ಎಂಬ ರೇಖೀಯ ನಿಯಂತ್ರಕವನ್ನು ಬಳಸಲಾಗಿದೆ ಎನ್ನೋಣ. ಅದರ ಉಷ್ಣ ವ್ಯಯ (12 − 5) × 0.3 = 2.1 ವ್ಯಾಟ್. ಉಳಿದ 1.5 ವ್ಯಾಟ್ ಇತರ ಬಿಡಿಭಾಗಗಳಲ್ಲಿ ಉಷ್ಣವಾಗುತ್ತದೆ. ಟಿಓ-220 ಕವಚದ 7805ಕ್ಕೆ ಹೀಟ್ ಸಿಂಕ್ ಇಲ್ಲದಿದ್ದಾಗ ಥೀಟಾ-ಜೆಎ ಸುಮಾರು 65 °ಸೆ ಪ್ರತಿ ವ್ಯಾಟ್‌ಗೆ. ಗಾಳಿ 35 °ಸೆ ಇದ್ದರೆ ಸಂಧಿಯ ತಾಪಮಾನ 35 + (2.1 × 65) = 171.5 °ಸೆ. ಕಾರ್ಯಾಚರಣೆಯ ಮಿತಿ 125 °ಸೆ ಆದುದರಿಂದ ಈ ವಿನ್ಯಾಸ ನಡೆಯದು.

ವಾಸ್ತವದಲ್ಲಿ ಸಂಧಿ 171 °ಸೆವರೆಗೆ ಏರಲಾರದು. ಅದಕ್ಕೆ ಮೊದಲೇ ಚಿಪ್‌ನ ಒಳಗಿರುವ ಉಷ್ಣ ರಕ್ಷಣಾ ಮಂಡಲವು ಹೊರಹರಿವನ್ನು ತಡೆಯುತ್ತದೆ. ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ. ಉಪಕರಣ ಕೆಲವು ನಿಮಿಷ ಸರಿಯಾಗಿ ನಡೆದು ನಂತರ ಕಾರಣವಿಲ್ಲದೆ ನಿಂತು ಮತ್ತೆ ಆರಂಭವಾಗುವುದು ಈ ದೋಷದ ಲಕ್ಷಣ. ಇಂಥ ದೋಷವನ್ನು ಹಲವು ವೇಳೆ ಪ್ರೋಗ್ರಾಂನಲ್ಲಿ ಹುಡುಕಲಾಗುತ್ತದೆ. ಆದರೆ ಮೇಲಿನ ಒಂದು ಸಾಲಿನ ಲೆಕ್ಕದಿಂದ ಅದನ್ನು ಮೊದಲೇ ಊಹಿಸಬಹುದಿತ್ತು.

ಪರಿಹಾರ ಎರಡು. ಮೊದಲನೆಯದು ಹೀಟ್ ಸಿಂಕ್. ಸಂಧಿಯನ್ನು 100 °ಸೆ ಒಳಗೆ ಇಡಬೇಕಾದರೆ ಅನುಮತಿಸಬಹುದಾದ ಒಟ್ಟು ಉಷ್ಣರೋಧ (100 − 35) ÷ 2.1, ಅಂದರೆ ಸುಮಾರು 31 °ಸೆ ಪ್ರತಿ ವ್ಯಾಟ್‌ಗೆ. ಇದರಲ್ಲಿ ಸಂಧಿಯಿಂದ ಕವಚಕ್ಕೆ 5, ಕವಚದಿಂದ ಹೀಟ್ ಸಿಂಕ್‌ಗೆ 1 ಕಳೆದರೆ ಹೀಟ್ ಸಿಂಕ್‌ನ ಉಷ್ಣರೋಧ 25 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಎರಡನೆಯ ಪರಿಹಾರ ಉಷ್ಣವನ್ನೇ ಹುಟ್ಟಿಸದಿರುವುದು. 90 ಶೇಕಡ ದಕ್ಷತೆಯ ಸ್ವಿಚಿಂಗ್ ನಿಯಂತ್ರಕ ಬಳಸಿದರೆ ವ್ಯಯ (1.5 ÷ 0.9) − 1.5 = 0.17 ವ್ಯಾಟ್ ಮಾತ್ರ. ಆಗ ಫಲಕದ ಒಟ್ಟು ಉಷ್ಣ 3.6ರಿಂದ 1.67 ವ್ಯಾಟ್‌ಗೆ ಇಳಿದು ಸರಾಸರಿ ಏರಿಕೆಯೂ 22.5 °ಸೆಯಿಂದ ಸುಮಾರು 10 °ಸೆಗೆ ಇಳಿಯುತ್ತದೆ. ಹೀಟ್ ಸಿಂಕ್ ಚಿಪ್ಪನ್ನು ಮಾತ್ರ ಕಾಪಾಡುತ್ತದೆ; ದಕ್ಷತೆ ಇಡೀ ಫಲಕವನ್ನು ತಂಪಾಗಿಡುತ್ತದೆ.

ಡೇಟಾಶೀಟ್ ಮೌಲ್ಯದ ಮಿತಿಗಳು

ಥೀಟಾ-ಜೆಎ ಮೌಲ್ಯವನ್ನು ಹೇಗೆ ಅಳೆಯಬೇಕೆಂಬುದನ್ನು ಜೆಡೆಕ್ ಸಂಸ್ಥೆಯ ಜೆಇಎಸ್‌ಡಿ 51 ಸರಣಿಯ ಮಾನಕಗಳು ನಿಗದಿಪಡಿಸುತ್ತವೆ. ಅದರಂತೆ ಬಿಡಿಭಾಗವನ್ನು ನಿರ್ದಿಷ್ಟ ಅಳತೆಯ ಪರೀಕ್ಷಾ ಫಲಕದ ಮೇಲೆ ಬೆಸೆದು, ಒಂದು ಘನ ಅಡಿಯ ಪೆಟ್ಟಿಗೆಯೊಳಗಿನ ನಿಶ್ಚಲ ಗಾಳಿಯಲ್ಲಿಟ್ಟು ಅಳೆಯಲಾಗುತ್ತದೆ. ಸಣ್ಣ ಕವಚಗಳಿಗೆ ಬಳಸುವ ಪರೀಕ್ಷಾ ಫಲಕದ ಅಳತೆ 76.2 ಮಿ.ಮೀ. × 114.3 ಮಿ.ಮೀ. ಇದರಲ್ಲಿ ಎರಡು ವಿಧಗಳಿವೆ: ಒಳಗೆ ತಾಮ್ರದ ಪೂರ್ಣ ಪದರಗಳಿಲ್ಲದ ಕಡಿಮೆ ವಾಹಕತೆಯ ಫಲಕ ಮತ್ತು ಎರಡು ಪೂರ್ಣ ಪದರಗಳಿರುವ ಹೆಚ್ಚು ವಾಹಕತೆಯ ಫಲಕ. ಮೇಲ್ಮೈಗೆ ಬೆಸೆಯುವ ಒಂದೇ ಚಿಪ್‌ಗೆ ಈ ಎರಡು ಫಲಕಗಳ ಮೇಲೆ ಬಹಳ ಭಿನ್ನವಾದ ಮೌಲ್ಯಗಳು ಬರುತ್ತವೆ.

ಆದ್ದರಿಂದ ಥೀಟಾ-ಜೆಎ ಎಂಬುದು ಒಂದು ಕವಚವನ್ನು ಇನ್ನೊಂದರೊಡನೆ ಹೋಲಿಸಲು ರೂಪಿಸಿದ ಅಳತೆ. ಪ್ರತಿಯೊಂದು ಫಲಕದಲ್ಲೂ ದೊರೆಯುವ ಭರವಸೆಯಲ್ಲ. ಅಂಚೆಚೀಟಿಯಷ್ಟು ಚಿಕ್ಕ ಫಲಕದಲ್ಲಿ ಅದೇ ಚಿಪ್ ಡೇಟಾಶೀಟ್ ಹೇಳುವುದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಬಿಸಿ ಬಿಡಿಭಾಗವಿದ್ದರೂ ಹಾಗೆಯೇ, ಏಕೆಂದರೆ ಪರೀಕ್ಷಾ ಫಲಕದ ಮೇಲೆ ಆ ಚಿಪ್ ಒಂಟಿಯಾಗಿರುತ್ತದೆ.

ಸೂತ್ರದ ಮೊದಲ ಪದವಾದ ಗಾಳಿಯ ತಾಪಮಾನವೂ ಎಚ್ಚರಿಕೆ ಬೇಡುತ್ತದೆ. ಡೇಟಾಶೀಟ್‌ಗಳು ಬಹುಪಾಲು 25 °ಸೆಯನ್ನು ಆಧಾರವಾಗಿ ಹಿಡಿಯುತ್ತವೆ. ರಾಯಚೂರು, ಕಲಬುರಗಿ ಜಿಲ್ಲೆಗಳಲ್ಲಿ ಬೇಸಿಗೆಯ ಹಗಲಿನ ತಾಪಮಾನ 40 °ಸೆ ದಾಟುವುದು ಸಾಮಾನ್ಯ. ಇದಲ್ಲದೆ ಲೆಕ್ಕಕ್ಕೆ ಬೇಕಾದುದು ಕೋಣೆಯ ತಾಪಮಾನವಲ್ಲ, ಪೆಟ್ಟಿಗೆಯೊಳಗೆ ಫಲಕವನ್ನು ಸುತ್ತುವರಿದಿರುವ ಗಾಳಿಯ ತಾಪಮಾನ. ಉದಾಹರಣೆಯ ಫಲಕವನ್ನು 120 × 100 × 40 ಮಿ.ಮೀ. ಅಳತೆಯ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಮೇಜಿನ ಮೇಲೆ ಇರಿಸಿದರೆ, ತಳವನ್ನು ಬಿಟ್ಟು ಉಳಿಯುವ ಹೊರಮೈ 0.0296 ಚದರ ಮೀಟರ್. 3.6 ವ್ಯಾಟ್ ಉಷ್ಣಕ್ಕೆ ಪೆಟ್ಟಿಗೆಯ ಹೊರಮೈಯೇ ಕೋಣೆಗಿಂತ ಸುಮಾರು 12 °ಸೆ ಬಿಸಿಯಾಗುತ್ತದೆ. ಒಳಗಿನ ಗಾಳಿ ಅದಕ್ಕಿಂತಲೂ ಬಿಸಿ. ಕೋಣೆ 35 °ಸೆ ಇದ್ದಾಗ ಒಳಗಿನ ಗಾಳಿಯನ್ನು 55 °ಸೆ ಎಂದು ಹಿಡಿದರೆ ಮೇಲೆ ಲೆಕ್ಕ ಹಾಕಿದ ಹೀಟ್ ಸಿಂಕ್ ಸಾಲದು. 25ರ ಬದಲು ಸುಮಾರು 15 °ಸೆ ಪ್ರತಿ ವ್ಯಾಟ್‌ನ, ಅಂದರೆ ಇನ್ನೂ ದೊಡ್ಡದಾದ, ಹೀಟ್ ಸಿಂಕ್ ಬೇಕಾಗುತ್ತದೆ.

ತಾಮ್ರದ ಪಥಗಳ ತಾಪಮಾನ

ಫಲಕದ ತಾಮ್ರದ ದಪ್ಪವನ್ನು ರೂಢಿಯಲ್ಲಿ ಔನ್ಸ್‌ಗಳಲ್ಲಿ ಹೇಳುತ್ತಾರೆ. ಒಂದು ಚದರ ಅಡಿಯ ಮೇಲೆ ಒಂದು ಔನ್ಸ್ ತಾಮ್ರವನ್ನು ಹರಡಿದರೆ ಬರುವ ದಪ್ಪ ಸುಮಾರು 35 ಮೈಕ್ರೋಮೀಟರ್. ಈ ದಪ್ಪದ ತಾಮ್ರದಲ್ಲಿ ಯಾವುದೇ ಚೌಕಾಕಾರದ ತುಂಡಿನ ರೋಧ, ಚೌಕದ ಅಳತೆ ಎಷ್ಟೇ ಇರಲಿ, ಸುಮಾರು 0.5 ಮಿಲಿಓಮ್. ಹಾಗಾಗಿ ಪಥದ ಉದ್ದದಲ್ಲಿ ಅದರ ಅಗಲದಷ್ಟೇ ಬದಿಯ ಎಷ್ಟು ಚೌಕಗಳು ಹಿಡಿಯುತ್ತವೆ ಎಂದು ಎಣಿಸಿದರೆ ರೋಧ ಸಿಗುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡ ಏರುತ್ತದೆ.

ಪಥದ ತಾಪಮಾನದ ಏರಿಕೆಗೆ ಬಹುಕಾಲ ಬಳಕೆಯಲ್ಲಿರುವುದು ವಿದ್ಯುನ್ಮಾನ ಉದ್ಯಮದ ಒಕ್ಕೂಟವಾದ ಐಪಿಸಿಯ 2221 ಎಂಬ ಮಾನಕದ ಸೂತ್ರ:

ಪ್ರವಾಹ = ಸ್ಥಿರಾಂಕ × (ತಾಪಮಾನದ ಏರಿಕೆ)^0.44 × (ಅಡ್ಡಕೊಯ್ತದ ವಿಸ್ತೀರ್ಣ)^0.725

ಇಲ್ಲಿ ಪ್ರವಾಹ ಆಂಪಿಯರ್‌ಗಳಲ್ಲಿ, ಏರಿಕೆ ಡಿಗ್ರಿ ಸೆಲ್ಸಿಯಸ್‌ಗಳಲ್ಲಿ, ವಿಸ್ತೀರ್ಣ ಚದರ ಮಿಲ್‌ಗಳಲ್ಲಿ ಇರುತ್ತದೆ. ಒಂದು ಮಿಲ್ ಎಂದರೆ ಅಂಗುಲದ ಸಾವಿರದ ಒಂದು ಭಾಗ. ಹೊರ ಪದರದ ಪಥಗಳಿಗೆ ಸ್ಥಿರಾಂಕ 0.048, ಒಳ ಪದರದವಕ್ಕೆ 0.024.

ಹೊರ ಪದರದಲ್ಲಿ 3 ಆಂಪಿಯರ್ ಹರಿಯುವಾಗ ಏರಿಕೆ 10 °ಸೆ ಮೀರಬಾರದೆಂದರೆ ಸೂತ್ರದಂತೆ ಸುಮಾರು 74 ಚದರ ಮಿಲ್ ತಾಮ್ರ ಬೇಕು. ಒಂದು ಔನ್ಸ್ ತಾಮ್ರದಲ್ಲಿ ಇದು ಸುಮಾರು 1.4 ಮಿ.ಮೀ. ಅಗಲದ ಪಥ. ಒಳ ಪದರಕ್ಕೆ ಅದೇ ಸೂತ್ರ ಸುಮಾರು 3.6 ಮಿ.ಮೀ. ಅಗಲ ಕೇಳುತ್ತದೆ. ಹೊರ ಪದರದ ಈ ಪಥ 50 ಮಿ.ಮೀ. ಉದ್ದವಿದ್ದರೆ ಅದರಲ್ಲಿ ಸುಮಾರು 36 ಚೌಕಗಳಿದ್ದು ರೋಧ 18 ಮಿಲಿಓಮ್, ಉಷ್ಣ 0.16 ವ್ಯಾಟ್, ವೋಲ್ಟೇಜ್ ಇಳಿಕೆ 0.054 ವೋಲ್ಟ್ ಆಗುತ್ತದೆ.

ಈ ಸೂತ್ರದ ಇತಿಹಾಸ ಗಮನಾರ್ಹ. ಇದರ ಹಿಂದಿರುವ ನಕ್ಷೆಗಳು ಅಮೆರಿಕದ ರಾಷ್ಟ್ರೀಯ ಮಾನಕ ಬ್ಯೂರೋ 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ ಬಂದವು. ಒಳ ಪದರಕ್ಕೆ ಪ್ರತ್ಯೇಕ ಅಳತೆ ಇರಲಿಲ್ಲ. ಫಲಕದೊಳಗೆ ಹುದುಗಿದ ಪಥಕ್ಕೆ ಗಾಳಿಯ ಸಂಪರ್ಕವಿಲ್ಲದ ಕಾರಣ ಅದು ಹೆಚ್ಚು ಬಿಸಿಯಾಗಬಹುದೆಂಬ ಊಹೆಯಿಂದ ಹೊರ ಪದರದ ಪ್ರವಾಹವನ್ನು ಅರ್ಧಕ್ಕೆ ಇಳಿಸಲಾಯಿತು. ಎರಡು ಸ್ಥಿರಾಂಕಗಳಲ್ಲಿ ಒಂದು ಇನ್ನೊಂದರ ಸರಿಯಾಗಿ ಅರ್ಧವಾಗಿರುವುದು ಇದರಿಂದಲೇ. ಹೊಸ ಅಳತೆಗಳ ಆಧಾರದ ಮೇಲೆ 2009ರಲ್ಲಿ ಪ್ರಕಟವಾದ ಐಪಿಸಿ-2152 ಮಾನಕವು ಈ ಊಹೆಯನ್ನು ತಿದ್ದಿತು. ಎಫ್‌ಆರ್-4 ದುರ್ಬಲ ಉಷ್ಣವಾಹಕವಾದರೂ ನಿಶ್ಚಲ ಗಾಳಿಗಿಂತ ಹತ್ತು ಪಟ್ಟು ಉತ್ತಮ. ಹಾಗಾಗಿ ಒಳಗಿನ ಪಥ ಹೊರಗಿನದಕ್ಕಿಂತ ಬಿಸಿಯಾಗಲೇಬೇಕೆಂದಿಲ್ಲ. ಫಲಕದ ದಪ್ಪ, ವಸ್ತು ಮತ್ತು ಪಥದ ಹತ್ತಿರ ತಾಮ್ರದ ಪೂರ್ಣ ಪದರವಿದೆಯೇ ಎಂಬುದು ಏರಿಕೆಯನ್ನು ಹೆಚ್ಚು ನಿರ್ಧರಿಸುತ್ತವೆ ಎಂದು ಅದು ತೋರಿಸಿತು. ಹಳೆಯ ಸೂತ್ರ ಸರಳವಾದುದರಿಂದ ಮೊದಲ ಅಂದಾಜಿಗೆ ಇಂದಿಗೂ ಬಳಕೆಯಲ್ಲಿದೆ. ಮುಕ್ತ ತಂತ್ರಾಂಶವಾದ ಕೀಕ್ಯಾಡ್‌ನ ಗಣಕವೂ ಇದನ್ನು ಬಳಸುತ್ತದೆ.

ವಯಾಗಳು ಮತ್ತು ತಾಮ್ರದ ಹರವು

ಮೇಲ್ಮೈಗೆ ಬೆಸೆಯುವ ಚಿಪ್‌ಗಳು ತಮ್ಮ ಉಷ್ಣದ ಬಹುಪಾಲನ್ನು ತಳದಲ್ಲಿರುವ ಲೋಹದ ಪಟ್ಟಿಯ ಮೂಲಕ ಫಲಕಕ್ಕೇ ಬಿಡುತ್ತವೆ. ಆ ಉಷ್ಣವನ್ನು ಫಲಕದ ಇನ್ನೊಂದು ಬದಿಗೆ ಸಾಗಿಸಲು ವಯಾ ಎಂದು ಕರೆಯುವ ತಾಮ್ರ ಲೇಪಿತ ರಂಧ್ರಗಳನ್ನು ಕೊರೆಯುತ್ತಾರೆ.

1.6 ಮಿ.ಮೀ. ದಪ್ಪದ ಫಲಕದಲ್ಲಿ 0.3 ಮಿ.ಮೀ. ಒಳವ್ಯಾಸವೂ 25 ಮೈಕ್ರೋಮೀಟರ್ ತಾಮ್ರದ ಗೋಡೆಯೂ ಇರುವ ಒಂದು ವಯಾದ ಉಷ್ಣರೋಧ ಸುಮಾರು 160 °ಸೆ ಪ್ರತಿ ವ್ಯಾಟ್‌ಗೆ. ಒಂದು ಚದರ ಸೆಂ.ಮೀ. ಎಫ್‌ಆರ್-4ನ ಮೂಲಕ ನೇರವಾಗಿ ಸಾಗುವ ದಾರಿಯ ಉಷ್ಣರೋಧ ಸುಮಾರು 53. ಒಂಬತ್ತು ವಯಾಗಳನ್ನು ಸಮಾಂತರವಾಗಿ ಇಟ್ಟರೆ ಅವುಗಳ ಉಷ್ಣರೋಧ ಸುಮಾರು 18ಕ್ಕೆ ಇಳಿಯುತ್ತದೆ. ಎರಡೂ ದಾರಿಗಳು ಸೇರಿದಾಗ ಸುಮಾರು 13. ಒಂದೆರಡು ವಯಾಗಳಿಂದ ಹೆಚ್ಚಿನ ಪ್ರಯೋಜನವಿಲ್ಲ, ಗುಂಪಾಗಿ ಇಟ್ಟಾಗ ಮಾತ್ರ ಪರಿಣಾಮ ಕಾಣುತ್ತದೆ ಎಂಬುದು ಈ ಸಂಖ್ಯೆಗಳಿಂದ ಸ್ಪಷ್ಟ.

ತಾಮ್ರದ ಹರವಿಗೂ ಮಿತಿಯಿದೆ. 35 ಮೈಕ್ರೋಮೀಟರ್ ತಾಮ್ರದ ಒಂದು ಚೌಕದ ಒಂದು ಅಂಚಿನಿಂದ ಎದುರಂಚಿಗೆ ಉಷ್ಣರೋಧ ಸುಮಾರು 73 °ಸೆ ಪ್ರತಿ ವ್ಯಾಟ್‌ಗೆ. ಇದು ಕಡಿಮೆಯೇನಲ್ಲ. ಹಾಗಾಗಿ ಚಿಪ್‌ನ ಸುತ್ತ ಮೊದಲ ಒಂದೆರಡು ಸೆಂಟಿಮೀಟರ್ ತಾಮ್ರವು ತಾಪವನ್ನು ಗಣನೀಯವಾಗಿ ಇಳಿಸುತ್ತದೆ. ಆನಂತರ ಸೇರಿಸುವ ತಾಮ್ರದ ಪ್ರಯೋಜನ ಕ್ರಮೇಣ ಕುಗ್ಗುತ್ತದೆ. ದಪ್ಪವಾದ ತಾಮ್ರ ಅಥವಾ ಹೆಚ್ಚಿನ ಪದರಗಳು ಈ ಮಿತಿಯನ್ನು ದೂರಕ್ಕೆ ತಳ್ಳುತ್ತವೆ.

ಕಾಲದೊಡನೆ ಏರುವ ತಾಪ

ಫಲಕ ತಕ್ಷಣವೇ ಸ್ಥಿರ ತಾಪಮಾನವನ್ನು ತಲುಪುವುದಿಲ್ಲ. ಉಷ್ಣರೋಧವನ್ನು ಉಷ್ಣಧಾರಕತೆಯಿಂದ ಗುಣಿಸಿದರೆ ಉಷ್ಣದ ಕಾಲಾಂಕ ದೊರೆಯುತ್ತದೆ. ಉದಾಹರಣೆಯ ಫಲಕದ ದಪ್ಪ 1.6 ಮಿ.ಮೀ. ಆದರೆ ಅದರ ತೂಕ ಸುಮಾರು 24 ಗ್ರಾಂ, ಉಷ್ಣಧಾರಕತೆ ಡಿಗ್ರಿಗೆ ಸುಮಾರು 24 ಜೌಲ್; 6.25ರಿಂದ ಗುಣಿಸಿದಾಗ ಕಾಲಾಂಕ 150 ಸೆಕೆಂಡ್. ಒಂದು ಕಾಲಾಂಕದಲ್ಲಿ ಅಂತಿಮ ಏರಿಕೆಯ ಶೇ. 63, ಮೂರು ಕಾಲಾಂಕಗಳಲ್ಲಿ ಶೇ. 95 ಮುಗಿಯುತ್ತದೆ. ಬಿಡಿಭಾಗಗಳ ಮತ್ತು ಪೆಟ್ಟಿಗೆಯ ತೂಕ ಸೇರಿದರೆ ಇನ್ನೂ ಹೆಚ್ಚು ಸಮಯ ಬೇಕು. ಎರಡು ನಿಮಿಷ ನಡೆಸಿ ಬೆರಳಿನಿಂದ ಮುಟ್ಟಿ ನೋಡಿ ತೃಪ್ತಿಪಡುವುದು ಸರಿಯಲ್ಲ ಎಂಬುದಕ್ಕೆ ಇದೇ ಕಾರಣ. ಇದಕ್ಕೆ ವಿರುದ್ಧವಾಗಿ, ಕೆಲವೇ ಕ್ಷಣ ಹೆಚ್ಚು ಪ್ರವಾಹ ಹರಿಯುವ ಉಪಕರಣಕ್ಕೆ ಸ್ಥಿರ ಸ್ಥಿತಿಯ ಲೆಕ್ಕ ಅನಗತ್ಯವಾಗಿ ಕಠಿಣವಾಗುತ್ತದೆ.

ಗಣಕಯಂತ್ರದ ಅನುಕರಣೆ

ಹಲವು ಬಿಸಿ ಬಿಡಿಭಾಗಗಳು ಒತ್ತೊತ್ತಾಗಿರುವಾಗ ಕೈಲೆಕ್ಕ ಸಾಲದು. ಆಗ ಫಲಕವನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿ, ಪ್ರತಿಯೊಂದು ಕೋಶಕ್ಕೂ ಉಷ್ಣದ ಸಮತೋಲನವನ್ನು ಬರೆದು ಗಣಕದಿಂದ ಬಿಡಿಸಲಾಗುತ್ತದೆ. ಫ್ಲೋಥರ್ಮ್, ಐಸ್‌ಪ್ಯಾಕ್ ಮುಂತಾದ ವಾಣಿಜ್ಯ ತಂತ್ರಾಂಶಗಳು ಗಾಳಿಯ ಹರಿವನ್ನೂ ಲೆಕ್ಕ ಹಾಕುತ್ತವೆ. ಎಲ್ಮರ್ ಎಂಬ ಮುಕ್ತ ತಂತ್ರಾಂಶದಲ್ಲಿ ಘನವಸ್ತುವಿನೊಳಗಿನ ಉಷ್ಣವಹನವನ್ನು ಬಿಡಿಸಬಹುದು.

ಇಲ್ಲಿ ಫಲಕಕ್ಕೆ ಒಂದೇ ಉಷ್ಣವಾಹಕತೆಯನ್ನು ಕೊಡುವುದು ತಪ್ಪು. 1.6 ಮಿ.ಮೀ. ದಪ್ಪದೊಳಗೆ 35 ಮೈಕ್ರೋಮೀಟರಿನ ಎರಡು ಪೂರ್ಣ ತಾಮ್ರದ ಪದರಗಳಿದ್ದರೆ ಸಮತಲದ ದಿಕ್ಕಿನಲ್ಲಿ ಸರಾಸರಿ ವಾಹಕತೆ ಸುಮಾರು 17, ದಪ್ಪದ ದಿಕ್ಕಿನಲ್ಲಿ ಸುಮಾರು 0.3 ಮಾತ್ರ. ಅನುಕರಣೆಯ ಫಲಿತಾಂಶ ಬಣ್ಣದ ಚಿತ್ರವಾಗಿ ಎಷ್ಟೇ ನಿಖರವಾಗಿ ಕಂಡರೂ, ಅದಕ್ಕೆ ಕೊಟ್ಟ ಉಷ್ಣ ವ್ಯಯದ ಮೌಲ್ಯಗಳು ತಪ್ಪಾಗಿದ್ದರೆ ಉತ್ತರವೂ ತಪ್ಪೇ. ಅದನ್ನು ಮೊದಲ ಹಂತದ ಕೈಲೆಕ್ಕದ ಸರಾಸರಿಯೊಡನೆ ಹೋಲಿಸಿ ನೋಡುವುದು ಒಳ್ಳೆಯ ರೂಢಿ.

ಅಳತೆಯ ಮೂಲಕ ಪರಿಶೀಲನೆ

ಮಾದರಿ ಫಲಕ ಸಿದ್ಧವಾದ ಮೇಲೆ ಅಂದಾಜನ್ನು ಅಳತೆಯಿಂದ ಪರಿಶೀಲಿಸಬೇಕು. ಥರ್ಮೋಕಪಲ್ ಬಳಸುವಾಗ ತಂತಿ ತೆಳುವಾಗಿರಬೇಕು. ದಪ್ಪ ತಂತಿ ತಾನೇ ಉಷ್ಣವನ್ನು ಎಳೆದುಕೊಂಡು ಕಡಿಮೆ ತಾಪ ತೋರಿಸುತ್ತದೆ. ಅವಕೆಂಪು ಕ್ಯಾಮೆರಾ ಹೊಳೆಯುವ ಲೋಹದ ಮೇಲೆ ತಪ್ಪು ಓದುತ್ತದೆ, ಏಕೆಂದರೆ ಅಲ್ಲಿ ಉತ್ಸರ್ಜನಾಂಕ ಕಡಿಮೆ. ಕಪ್ಪು ಟೇಪಿನ ಸಣ್ಣ ತುಂಡು ಅಂಟಿಸಿ ಅದರ ಮೇಲೆ ಓದುವುದು ವಾಡಿಕೆ.

ಚಿಪ್‌ನ ಮೇಲ್ಮೈ ತಾಪದಿಂದ ಸಂಧಿಯ ತಾಪವನ್ನು ತಿಳಿಯಲು ಸೈ-ಜೆಟಿ ಎಂಬ ಮೌಲ್ಯವನ್ನು ಬಳಸುತ್ತಾರೆ: ಸಂಧಿಯ ತಾಪಮಾನ = ಮೇಲ್ಮೈ ತಾಪಮಾನ + (ಉಷ್ಣ ವ್ಯಯ × ಸೈ-ಜೆಟಿ). ಇಲ್ಲಿ ಸಂಧಿಯಿಂದ ಕವಚಕ್ಕೆ ಇರುವ ಉಷ್ಣರೋಧವನ್ನು ಬಳಸಬಾರದು. ಆ ಮೌಲ್ಯವು ಎಲ್ಲ ಉಷ್ಣವೂ ಒಂದೇ ಮುಖದಿಂದ ಹೊರಹೋಗುತ್ತದೆ ಎಂಬ ಸ್ಥಿತಿಗೆ ಸಂಬಂಧಿಸಿದ್ದು. ಫಲಕದ ಮೇಲಿನ ಚಿಪ್‌ನಲ್ಲಿ ಮೇಲ್ಮುಖದಿಂದ ಹೊರಹೋಗುವುದು ಅಲ್ಪ ಪಾಲು ಮಾತ್ರ.

ಸಾಮಾನ್ಯ ತಪ್ಪುಗಳು

ಪೆಟ್ಟಿಗೆಯೊಳಗಿನ ಗಾಳಿಯ ಬದಲು ಕೋಣೆಯ ತಾಪಮಾನವನ್ನು ಆಧಾರವಾಗಿ ಹಿಡಿಯುವುದು.

ಡೇಟಾಶೀಟ್‌ನ ಥೀಟಾ-ಜೆಎ ಮೌಲ್ಯವನ್ನು, ಅದು ಯಾವ ಪರೀಕ್ಷಾ ಫಲಕಕ್ಕೆ ಸೇರಿದ್ದೆಂದು ನೋಡದೆ, ಬೇರೆ ಅಳತೆಯ ಫಲಕಕ್ಕೆ ಬಳಸುವುದು.

ಪ್ರತಿ ಬಿಡಿಭಾಗವನ್ನು ಒಂಟಿಯಾಗಿ ಲೆಕ್ಕ ಹಾಕಿ, ನೆರೆಯ ಬಿಡಿಭಾಗಗಳು ಕೊಡುವ ಉಷ್ಣವನ್ನು ಬಿಟ್ಟುಬಿಡುವುದು.

25 °ಸೆಯ ರೋಧ ಮೌಲ್ಯಗಳನ್ನೇ ಬಿಸಿ ಸ್ಥಿತಿಗೂ ಬಳಸುವುದು. ಬಿಸಿಯಾದಂತೆ ರೋಧ, ರೋಧ ಹೆಚ್ಚಿದಂತೆ ಉಷ್ಣ ಏರುವುದರಿಂದ ಲೆಕ್ಕವನ್ನು ಎರಡು ಮೂರು ಬಾರಿ ಪುನರಾವರ್ತಿಸಬೇಕು.

ಫಲಕದ ಒಂದು ಬದಿ ಗೋಡೆಗೆ ಅಥವಾ ಪೆಟ್ಟಿಗೆಯ ತಳಕ್ಕೆ ಒತ್ತಿಕೊಂಡಿದ್ದರೂ ಎರಡೂ ಬದಿಗಳನ್ನು ತಂಪಾಗುವ ಮೇಲ್ಮೈ ಎಂದು ಎಣಿಸುವುದು.

ಕೈಲೆಕ್ಕದ ಅಂದಾಜು ಸ್ಥೂಲವಾದುದು; ಅದರ ಫಲಿತಾಂಶ ಮಿತಿಗಿಂತ ಬಹಳ ಕೆಳಗಿದ್ದರೆ ಮುಂದುವರಿಯಬಹುದು, ಬಹಳ ಮೇಲಿದ್ದರೆ ವಿನ್ಯಾಸವನ್ನು ಬದಲಿಸಬೇಕು. ಮಿತಿಯ ಹತ್ತಿರ ಬಂದಾಗ ಮಾತ್ರ ಅನುಕರಣೆ ಮತ್ತು ಅಳತೆಗಳ ಶ್ರಮ ಅನಿವಾರ್ಯವಾಗುತ್ತದೆ.

ಇವನ್ನೂ ನೋಡಿ

ಓಮ್‌ನ ನಿಯಮ
ಉಷ್ಣವಹನ
ಉಷ್ಣವಿಕಿರಣ
ಹೀಟ್ ಸಿಂಕ್
ಅರೆವಾಹಕ